ಆಪತ್ತಿನ ಕಾಲದ ಧಾರಣೆ: ಒಂದಿಷ್ಟು ಇತಿಹಾಸ



ಗದ್ವಾಲ್, ಮಕ್ತಲ್, ನಾರಾಯಣಪೇಟೆ ಕಡೆಯ ಕನ್ನಡ ಶಾಲೆಗಳಲ್ಲಿ ಓದಿದವರಿಗೂ ಓದಿಸುವವರಿಗೂ 2009ರ ಅಕ್ಟೋಬರ್ ತಿಂಗಳನ್ನು ನೆನಪಿಸಬೇಕಾಗಿಲ್ಲ. ಆ ವರ್ಷ ಗಾಂಧಿ ಜಯಂತಿ ಶುಕ್ರವಾರ ಬಂದಿತ್ತು. ಮಳೆಯಲ್ಲೇ ಬಾಪೂಜಿಯ ಪಟಕ್ಕೆ ಹೂಮಾಲೆ ಹಾಕಿ, ಮಕ್ಕಳಿಗೆ ಚಾಕಲೇಟು ಹಂಚಿ ಮನೆಗೆ ಬಂದೆವು. ಸಂಜೆ ಕರೆಂಟು ಹೋಯಿತು. ತುಂಗಭದ್ರೆ ಮತ್ತು ಹಂದ್ರಿ ಸೇರಿ ಕರ್ನೂಲು ಊರನ್ನೇ ಮುಳುಗಿಸಿದವು. ಮಂತ್ರಾಲಯದಲ್ಲಿ ಭಕ್ತರು ನೀರಿನ ನಡುವೆ ಸಿಕ್ಕಿಬಿದ್ದರು. ಆಲಂಪುರದ ಸೀಮೆ, ನೇಕಾರರ ಊರಾದ ರಾಜೋಲಿ ನೀರಿನ ಪಾಲಾದವು. ಶ್ರೀಶೈಲದ ಅಣೆಕಟ್ಟಿಗೆ 25 ಲಕ್ಷ ಕ್ಯುಸೆಕ್ ಆಸುಪಾಸಿನಲ್ಲಿ ನೀರು ಬಂತು. ಆ ಅಣೆಕಟ್ಟು ಕಟ್ಟಿದವರೂ ಅಷ್ಟು ನೀರನ್ನು ಎಣಿಸಿರಲಿಲ್ಲ! ಆಚೆ ರಾಯಚೂರು, ಬಳ್ಳಾರಿ, ಬಾಗಲಕೋಟೆ, ಬಿಜಾಪುರ ಜಿಲ್ಲೆಗಳಲ್ಲಿಯೂ ಇದೇ ಗೋಳು. ಕರ್ನಾಟಕದಲ್ಲಿ ಸತ್ತವರೇ 200ಕ್ಕೂ ಹೆಚ್ಚು.

ನಾವು ಆಗ ನೌಕರಿಗೆ ಸೇರಿ ಏಳೆಂಟು ವರ್ಷವಾಗಿತ್ತು. ಶಾಲೆಗಳೆಲ್ಲ ನಿರಾಶ್ರಿತರ ಶಿಬಿರಗಳಾದ್ದರಿಂದ ಮೇಷ್ಟ್ರುಗಳಿಗೆ ಅಲ್ಲೇ ಡ್ಯೂಟಿ. ಮರುದಿನ ಸಂಜೆ ಶಿಬಿರಕ್ಕೆಂದು ಮೇಣದಬತ್ತಿ, ಬೆಂಕಿಪೊಟ್ಟಣ, ಹಾಲಿನಪುಡಿ ತರಲು ಕಿರಾಣಿ ಅಂಗಡಿಗೆ ಹೋದೆವು. ಅಂಗಡಿಯವರು ಪರಿಚಯದವರೇ, ಅವರ ಮಗಳು ನಮ್ಮ ಏಳನೆಯ ತರಗತಿಯಲ್ಲಿ ಓದುತ್ತಿದ್ದಳು. ಎರಡು ರೂಪಾಯಿಯ ಮೇಣದಬತ್ತಿಗೆ ಅವರು ಐದು ರೂಪಾಯಿ ಹೇಳಿದರು. ಪೊಟ್ಟಣ ಕೊಡಿ ಎಂದರೆ ಪೊಟ್ಟಣ ಇಲ್ಲ, ಬಿಡಿ ಮಾತ್ರ ಎಂದರು. ಪೊಟ್ಟಣದ ಮೇಲಾದರೆ ದರ ಅಚ್ಚಾಗಿರುತ್ತದೆ, ಬಿಡಿ ಬತ್ತಿಯ ಮೇಲೆ ಏನೂ ಇರುವುದಿಲ್ಲ! ನಾವು ಮಾತಾಡದೆ ದುಡ್ಡು ಕೊಟ್ಟೆವು. ರಸೀದಿ ಕೇಳಲಿಲ್ಲ. ಹಿಂದೆ ಹತ್ತು ಜನ ಕತ್ತಲಲ್ಲಿ ನಿಂತಿದ್ದರು.

ದೀಪಾವಳಿ ಮುಗಿದ ಮೇಲೆ ಶಾಲೆ ಸರಿಯಾಗಿ ನಡೆಯತೊಡಗಿತು. ಸಮಾಜ ಪಾಠದಲ್ಲಿ ಗ್ರಾಹಕರ ಹಕ್ಕುಗಳ ವಿಷಯ ಬಂತು. ಹೆಚ್ಚು ಬೆಲೆ ಕೇಳಿದರೆ ಪ್ರಶ್ನಿಸಬೇಕು, ರಸೀದಿ ಪಡೆಯಬೇಕು, ದೂರು ಕೊಡಬೇಕು ಎಂದು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆವು. ಆ ಹುಡುಗಿ ಎದ್ದು ನಿಂತು, "ಸರ್, ಮಳಿ ಬಂದಾಗ ನೀವು ನಮ್ಮ ಅಂಗಡಿಗೇ ಬಂದಿದ್ರಲ್ರಿ, ಅಪ್ಪನ ಮ್ಯಾಲೆ ಯಾಕ ದೂರು ಕೊಡಲಿಲ್ಲ?" ಎಂದಳು. ಸಿಟ್ಟಿನಿಂದ ಅಲ್ಲ, ನಿಜವಾಗಿ ತಿಳಿಯದೆ ಕೇಳಿದ್ದಳು. ಸ್ವಲ್ಪ ಸುಮ್ಮನಿದ್ದು ಅವಳೇ ಮತ್ತೆ, "ಅಪ್ಪ ಟ್ರ್ಯಾಕ್ಟರ್ ಬಾಡಿಗಿ ಕೊಟ್ಟು ನೀರಾಗ ಹೋಗಿ ಮಾಲು ತಂದಿದ್ದ ಸರ್" ಎಂದಳು. ನಾವು ಏನೋ ಒಂದು ಹೇಳಿ ಮುಂದಿನ ಪಾಠಕ್ಕೆ ಹೋದೆವು. ಆ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ. ಇತಿಹಾಸದ ಮೇಷ್ಟ್ರಾದ ಮೇಲೆ ಹಿಂದಿನವರು ಏನು ಮಾಡಿದ್ದರು ಎಂದು ನೋಡುವುದು ನಮಗೆ ಅಭ್ಯಾಸ. ಆಮೇಲಿನ ವರ್ಷಗಳಲ್ಲಿ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹಳೆಯದು. ಬೆಲೆಗೆ ಮೇರೆ ಹಾಕುವುದು ನಮ್ಮ ದೇಶಕ್ಕೆ ಹೊಸದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ತಾಳೆಗರಿಯಾಗಿ ಮಲಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಾಶಾಸ್ತ್ರಿಗಳು. ಅದರಲ್ಲಿ ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು ಲಾಭ ಎಂದು ಕಟ್ಟು ಹಾಕಲಾಗಿದೆ. ವ್ಯಾಪಾರಿಗಳು ಒಟ್ಟು ಸೇರಿ ಸರಕನ್ನು ತಡೆಹಿಡಿದರೆ ಸಾವಿರ ಪಣ ದಂಡ. ಬರಗಾಲದಲ್ಲಿ ರಾಜನು ಬೀಜವನ್ನೂ ಅನ್ನವನ್ನೂ ಕೊಡಬೇಕೆಂದು ಅದೇ ಗ್ರಂಥ ಹೇಳುತ್ತದೆ. ದಂಡದ ಮಾತು ಒಂದು ಅಧ್ಯಾಯದಲ್ಲಿದ್ದರೆ ಧಾನ್ಯದ ಮಾತು ಮುಂದಿನ ಅಧ್ಯಾಯದಲ್ಲೇ ಇದೆ.

ನಮ್ಮ ಸೀಮೆಗೆ ಹತ್ತಿರದ ಉದಾಹರಣೆ ಕಲಬುರ್ಗಿಯ ಬಹಮನಿಗಳದು. 1378ರಿಂದ 1397ರವರೆಗೆ ಆಳಿದ ಎರಡನೆಯ ಮುಹಮ್ಮದ್ ಶಾಹನ ಕಾಲದಲ್ಲಿ ದಖ್ಖನಿಗೆ ಬರ ಬಿತ್ತು. ಆಗ ಸುಲ್ತಾನನು ತನ್ನ ಖರ್ಚಿನಲ್ಲಿ ಹತ್ತು ಸಾವಿರ ಎತ್ತುಗಳನ್ನು ಮಾಳವಕ್ಕೂ ಗುಜರಾತಿಗೂ ಓಡಾಡಿಸಿ, ಧಾನ್ಯ ತರಿಸಿ ಅಗ್ಗದ ದರಕ್ಕೆ ಮಾರಿಸಿದನೆಂದು ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿದ್ದ ಫೆರಿಷ್ತಾ ಬರೆದಿದ್ದಾನೆ. ಧಾನ್ಯದ ಸಾವುಕಾರನನ್ನು ಹಿಡಿದು ಕಟ್ಟಿದರು ಎಂದು ಬರೆದಿಲ್ಲ, ಎತ್ತುಗಳನ್ನು ಕಳಿಸಿದರು ಎಂದು ಬರೆದಿದ್ದಾನೆ. ಹೇರೆತ್ತಿನ ಮೇಲೆ ದವಸ ಸಾಗಿಸುವ ಲಂಬಾಣಿಗರ ತಾಂಡಾಗಳು ಇವತ್ತಿಗೂ ನಮ್ಮ ಸುತ್ತಮುತ್ತ ಇವೆ. ರೈಲು ಬರುವ ಮುಂಚೆ ದಖ್ಖನಿನಲ್ಲಿ ಬರದ ಬೆಲೆ ಇಳಿಯಬೇಕಾದರೆ ಅವರ ಎತ್ತುಗಳು ಬರಬೇಕಿತ್ತು.

ಇನ್ನು ಧಾತು ಸಂವತ್ಸರದ ಬರಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಏಕೆಂದರೆ ಆಪತ್ತಿನಲ್ಲಿ ಬೆಲೆಗೆ ಕೈ ಹಾಕಬಾರದು ಎಂಬ ವಾದವನ್ನು ನಮ್ಮ ನೆಲದ ಮೇಲೆ ಪೂರ್ತಿಯಾಗಿ ಪ್ರಯೋಗ ಮಾಡಿದ್ದು ಆಗಲೇ.

1876ರಲ್ಲಿ ಮಳೆ ಕೈಕೊಟ್ಟಿತು. ಮದರಾಸು ಪ್ರಾಂತ್ಯ (ಬಳ್ಳಾರಿ, ಕರ್ನೂಲು ಅದರಲ್ಲೇ ಇದ್ದವು), ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ್ಯದ ದಖ್ಖನ್ ಜಿಲ್ಲೆಗಳು, ನಮ್ಮ ನಿಜಾಮ ಸೀಮೆ ಎಲ್ಲವೂ ಒಣಗಿದವು. ಆಗ ಗದ್ವಾಲ್ ಸಂಸ್ಥಾನ ನಿಜಾಮರ ಅಧೀನದಲ್ಲಿತ್ತು. ಮುಂದೆ ರಾಯಚೂರು ಜಿಲ್ಲೆಯ ಲೆಕ್ಕಕ್ಕೆ ಸೇರಿ 1956ರವರೆಗೆ ಹಾಗೇ ಉಳಿದಿತ್ತು ಎನ್ನುವುದು ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ! ಮೈಸೂರು ಕಡೆಯವರು ಆ ಬರವನ್ನು ಧಾತು ಈಶ್ವರ ಬರ ಎನ್ನುತ್ತಾರೆ. ಧಾತು ಹೋಗಿ ಈಶ್ವರ ಬಂದರೂ ಬರ ಹೋಗಲಿಲ್ಲ ಎಂದು ಆ ಹೆಸರಿನ ಅರ್ಥ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50,55,412 ಜನ. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಹೆಚ್ಚಾಗಬೇಕಾದ ಸಂಖ್ಯೆ ಎಂಟೂಮುಕ್ಕಾಲು ಲಕ್ಷದಷ್ಟು ಕಡಿಮೆಯಾಯಿತು. ಬ್ರಿಟಿಷ್ ಆಡಳಿತದ ಪ್ರದೇಶದಲ್ಲಿ ಸತ್ತವರು 50 ಲಕ್ಷಕ್ಕೂ ಹೆಚ್ಚು ಎಂದು ಅಂದಾಜು.

ಧಾನ್ಯವೇ ಇರಲಿಲ್ಲವೇ? ಇತ್ತು. 1871ರಲ್ಲೇ ಮುಂಬಯಿಯ ರೈಲು ಮತ್ತು ಮದರಾಸಿನ ರೈಲು ನಮ್ಮ ಮಗ್ಗುಲಲ್ಲೇ, ರಾಯಚೂರಿನಲ್ಲಿ ಕೂಡಿಕೊಂಡಿದ್ದವು. ಕೃಷ್ಣಾ ಸ್ಟೇಷನ್ನಿನಲ್ಲಿ ಇಳಿದು ಶಾಲೆಗೆ ಬರುವ ಮೇಷ್ಟ್ರುಗಳು ದಿನವೂ ನೋಡುವ ಆ ದಾರಿಯಲ್ಲೇ ಉತ್ತರದ ಧಾನ್ಯ ಇಳಿದು ಬರುತ್ತಿತ್ತು. ಆದರೆ ಬಂದ ಧಾನ್ಯದ ಬೆಲೆ ಕೂಲಿಯವನ ಕೈಗೆ ಎಟುಕಲಿಲ್ಲ. ಮದರಾಸು ಸರ್ಕಾರ 1876ರ ಕೊನೆಗೆ ಗುಟ್ಟಾಗಿ 30,000 ಟನ್ ಧಾನ್ಯ ಕೊಂಡಿತು. ವೈಸ್‌ರಾಯ್ ಲಿಟ್ಟನ್ನನ ಸರ್ಕಾರಕ್ಕೆ ಇದು ತಿಳಿದು ಛೀಮಾರಿ ಹಾಕಿ, ಇನ್ನು ಮುಂದೆ ಕೊಳ್ಳಬಾರದು ಎಂದಿತು. ಸರ್ಕಾರ ಪೇಟೆಗೆ ಇಳಿದರೆ ವ್ಯಾಪಾರಿ ಹೆದರಿ ಮಾಲು ತರುವುದಿಲ್ಲ, ಬೆಲೆ ಏರಿದರೆ ಆಸೆಗೆ ತಾನಾಗಿಯೇ ತರುತ್ತಾನೆ, ಏರಿದ ಬೆಲೆಯೇ ಮದ್ದು ಎಂಬುದು ಅವರ ನಂಬಿಕೆ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಸಾಮ್ರಾಜ್ಞಿ ಎಂದು ಸಾರುವ ದರ್ಬಾರು ನಡೆಯಿತು. ಅದೇ ತಿಂಗಳು ರಿಚರ್ಡ್ ಟೆಂಪಲ್ ದಕ್ಷಿಣಕ್ಕೆ ಬಂದು, ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ (ಸುಮಾರು 450 ಗ್ರಾಂ) ಧಾನ್ಯ ಮತ್ತು ಒಂದು ಆಣೆಗೆ ಇಳಿಸಿದ. ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇದು ದುಡಿಯುವವನ ಜೀವ ಉಳಿಸುವಷ್ಟಲ್ಲ ಎಂದು ಜಗಳವಾಡಿದ. ಮದರಾಸು ಟೈಮ್ಸ್ ಪತ್ರಿಕೆಯ ಸಂಪಾದಕ ವಿಲಿಯಂ ಡಿಗ್ಬಿ ಈ ಬರದ ಕಥೆಯನ್ನು 1878ರಲ್ಲಿ ಎರಡು ಸಂಪುಟಗಳಲ್ಲಿ ಬರೆದಿಟ್ಟಿದ್ದಾನೆ.

ಲಿಟ್ಟನ್ನನ ಕಡೆಯವರ ಮಾತಿನಲ್ಲಿ ಏನೂ ಹುರುಳಿಲ್ಲ ಎಂದು ನಾವು ಹೇಳುವುದಿಲ್ಲ. ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ನೀರಲ್ಲಿ ಹೋದ ಆ ಅಂಗಡಿಯವರು ಎರಡು ರೂಪಾಯಿಗೇ ಮಾರಬೇಕೆಂದರೆ ಹೋಗುತ್ತಿರಲಿಲ್ಲ, ಶಿಬಿರ ಕತ್ತಲಲ್ಲಿರುತ್ತಿತ್ತು. ಆದರೆ ಬೆಲೆ ಏರಿ ಮಾಲು ಬಂದ ಮೇಲೆ ಕೊಳ್ಳುವವನ ಕೈಯಲ್ಲಿ ಕಾಸು ಇರಬೇಕಲ್ಲ? 1877ರ ಬಳ್ಳಾರಿಯ ಕೂಲಿಯವನಿಗೆ ಅದೇ ಇರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಈ ಸಾಲು ಬಿಟ್ಟುಹೋದ ಕಾರಣಕ್ಕೆ ಅಷ್ಟು ಜನ ಸತ್ತರು. 1880ರಲ್ಲಿ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯ ಕ್ಷಾಮ ಆಯೋಗ ವರದಿ ಕೊಟ್ಟಿತು, ಅದರ ಮೇಲೆ ಕ್ಷಾಮ ಸಂಹಿತೆಗಳು ಬಂದವು. ಬರ ಬಿದ್ದದ್ದನ್ನು ಹೇಗೆ ಗುರುತಿಸಬೇಕು, ಯಾರು ಘೋಷಿಸಬೇಕು, ಘೋಷಿಸಿದ ಮೇಲೆ ಕಾಮಗಾರಿ ಹೇಗೆ ತೆರೆಯಬೇಕು ಎಂದೆಲ್ಲ ಬರೆದರು. ಈಗ ನಾವು ಕೇಳುವ "ಬರ ಘೋಷಣೆ" ಎಂಬ ಮಾತಿನ ಅಜ್ಜ ಇದೇ. ಆದರೆ ಧಾನ್ಯದ ವ್ಯಾಪಾರಕ್ಕೆ ಕೈ ಹಾಕಬಾರದು ಎಂಬ ನಿಯಮ ಮಾತ್ರ ಹಾಗೇ ಉಳಿಯಿತು.

ಆ ನಿಯಮ ಮುರಿದದ್ದು ಬರದಿಂದಲ್ಲ, ಯುದ್ಧದಿಂದ! ಎರಡನೆಯ ಮಹಾಯುದ್ಧ ಶುರುವಾದಾಗ 1939ರ ಭಾರತ ರಕ್ಷಣಾ ನಿಯಮಗಳ ಕೆಳಗೆ ಬೆಲೆ ನಿಗದಿ ಮಾಡುವ ಅಧಿಕಾರ ಸರ್ಕಾರಕ್ಕೆ ಬಂತು. 1943ರಲ್ಲಿ, ಬಂಗಾಳ ಹಸಿವಿನಿಂದ ಸಾಯುತ್ತಿದ್ದ ವರ್ಷ, ದಾಸ್ತಾನು ಮತ್ತು ಲಾಭಕೋರತನ ತಡೆಯುವ ಸುಗ್ರೀವಾಜ್ಞೆ ಬಂತು. ಅದು ಬ್ರಿಟಿಷ್ ಇಂಡಿಯಾದ ಮಾತು, ಅಂದರೆ ತುಂಗಭದ್ರೆಯ ಆಚೆಗೆ. ಈಚೆ ನಿಜಾಮ ಸೀಮೆಯಲ್ಲಿ ಸರ್ಕಾರವೇ ರೈತರಿಂದ ಲೆವಿ ಧಾನ್ಯ ಎತ್ತುತ್ತಿತ್ತು. ಇದು ದೊಡ್ಡ ಜಮೀನ್ದಾರರಿಗಿಂತ ಚಿಕ್ಕ ರೈತನ ಕಣಕ್ಕೇ ಹೆಚ್ಚು ಕೈ ಹಾಕಿತು, ತೆಲಂಗಾಣದ ರೈತ ಹೋರಾಟಕ್ಕೆ ಇದ್ದ ಕಾರಣಗಳಲ್ಲಿ ಈ ಲೆವಿಯೂ ಒಂದು. ನಮ್ಮ ಕಡೆಯ ಮುದುಕರು "ಲೇವಿ" ಎಂದರೆ ಇವತ್ತಿಗೂ ಮುಖ ಸಿಂಡರಿಸುತ್ತಾರೆ.

ಸ್ವಾತಂತ್ರ್ಯ ಬಂದ ಮೇಲೆ ಯುದ್ಧಕಾಲದ ಆ ತಾತ್ಕಾಲಿಕ ಅಧಿಕಾರಗಳನ್ನೇ ಶಾಶ್ವತ ಮಾಡಿ 1955ರ ಅಗತ್ಯ ವಸ್ತುಗಳ ಕಾಯ್ದೆ ಮಾಡಿದರು. ಈಗ ಕಿರಾಣಿ ಅಂಗಡಿ, ಪಡಿತರ ಅಂಗಡಿ, ಗೊಬ್ಬರದ ಅಂಗಡಿಯವರೆಲ್ಲ ಹೆದರುವ ಕಾಯ್ದೆ ಇದೇ. ಇದರ ಮೂರನೆಯ ಕಲಮು ಬೆಲೆ, ದಾಸ್ತಾನು, ಸಾಗಣೆಗಳ ಮೇಲೆ ಆದೇಶ ಹೊರಡಿಸುವ ಅಧಿಕಾರ ಕೊಡುತ್ತದೆ. ಏಳನೆಯ ಕಲಮಿನಲ್ಲಿ ಶಿಕ್ಷೆ, ಏಳು ವರ್ಷದವರೆಗೂ ಜೈಲು. 1980ರಲ್ಲಿ ಕಾಳಸಂತೆ ತಡೆ ಕಾಯ್ದೆ ಬೇರೆ ಬಂತು. ಅದರಲ್ಲಿ ವಿಚಾರಣೆಯಿಲ್ಲದೆ ಆರು ತಿಂಗಳವರೆಗೆ ಬಂಧನದಲ್ಲಿಡಬಹುದು. ಪೊಟ್ಟಣದ ಮೇಲೆ ಅಚ್ಚಾದ ದರಕ್ಕಿಂತ ಹೆಚ್ಚು ತೆಗೆದುಕೊಂಡರೆ ತೂಕ ಅಳತೆಯ ಕಾಯ್ದೆಯಲ್ಲಿ ಅಪರಾಧ.

ಇಷ್ಟೆಲ್ಲ ಇದ್ದೂ ಆ ರಾತ್ರಿಯ ಮೇಣದಬತ್ತಿ ಯಾವುದಕ್ಕೂ ಸಿಕ್ಕಲಿಲ್ಲ, ನೋಡಿ! ಅಗತ್ಯ ವಸ್ತುಗಳ ಕಾಯ್ದೆ ಒಂದು ಪಟ್ಟಿಯ ಮೇಲೆ ನಡೆಯುತ್ತದೆ. ಔಷಧ, ಗೊಬ್ಬರ, ಎಣ್ಣೆಕಾಳು ಎಣ್ಣೆ ಸೇರಿದಂತೆ ಆಹಾರ ಪದಾರ್ಥ, ಹತ್ತಿಯ ಲಡಿ ನೂಲು, ಪೆಟ್ರೋಲಿಯಂ, ಕಚ್ಚಾ ಸೆಣಬು, ಬೀಜ. ಇಷ್ಟು. (ಲಡಿ ನೂಲು ಪಟ್ಟಿಯಲ್ಲಿದೆ ಎಂದು ಗದ್ವಾಲಿನ ನೇಕಾರರ ಮಕ್ಕಳಿಗೆ ಹೇಳಿದಾಗ ಅವರಿಗೆ ಖುಷಿಯೋ ಖುಷಿ.) ಪಟ್ಟಿಯಲ್ಲಿ ಮೇಣದಬತ್ತಿ ಇಲ್ಲ, ತಾಡಪತ್ರಿ ಇಲ್ಲ, ದೋಣಿ ಬಾಡಿಗೆ ಇಲ್ಲ. ನೆರೆ ಬಂದಾಗ ಜೀವ ಉಳಿಸುವುದು ಸೆಣಬಲ್ಲ, ತಾಡಪತ್ರಿ! ಕೃಷ್ಣೆಯ ನಡುಗಡ್ಡೆಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕುರುವಪುರ ರಾಯಚೂರು ಜಿಲ್ಲೆಯದು, ಮಕ್ತಲ್ ಕಡೆಯಿಂದಲೂ ನದಿ ದಾಟಿ ಹೋಗುತ್ತಾರೆ. ಗುರ್ರಂಗಡ್ಡ ನಮ್ಮ ಗದ್ವಾಲಿನದು. ನೀರು ಏರಿದ ದಿನ ಹರಿಗೋಲಿನವನು ಕೇಳಿದ್ದೇ ದರ. ಅವನೂ ಜೀವ ಪಣಕ್ಕಿಟ್ಟು ಹುಟ್ಟು ಹಾಕುತ್ತಾನೆ ಎನ್ನುವುದೂ ನಿಜ.

ವಿಪತ್ತಿಗೆಂದೇ ಮಾಡಿದ 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಾದರೂ ಇದೆಯೇ ಎಂದು ಹುಡುಕಿದೆವು. ಸುನಾಮಿಯ ಮರುವರ್ಷ ಬಂದ ಕಾಯ್ದೆ ಅದು. ಸುಳ್ಳು ಪರಿಹಾರ ಕೇಳಿದವರಿಗೆ, ಪರಿಹಾರದ ಹಣ ನುಂಗಿದವರಿಗೆ, ಸುಳ್ಳು ಎಚ್ಚರಿಕೆ ಹಬ್ಬಿಸಿದವರಿಗೆ ಶಿಕ್ಷೆ ಇದೆ. 65ನೆಯ ಕಲಮಿನಲ್ಲಿ ವಾಹನ, ಕಟ್ಟಡ, ಸಾಮಗ್ರಿಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳಬಹುದು, ಆಮೇಲೆ ಪರಿಹಾರ ಕೊಡಬೇಕು. ಆದರೆ ವಿಪತ್ತು ಬಂದಾಗ ಇಷ್ಟಕ್ಕಿಂತ ಹೆಚ್ಚು ಬೆಲೆ ಏರಿಸಬಾರದು ಎಂಬ ಒಂದು ಸಾಲು ಅದರಲ್ಲಿ ಇಲ್ಲ. ಅಧಿಕಾರಿಗಳು ಆದೇಶ ಹೊರಡಿಸಿದರೆ, ಆದೇಶ ಮೀರಿದ್ದಕ್ಕೆ 51ನೆಯ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲು. ಮೊದಲು ಆದೇಶ ಬರಬೇಕು!

ಅಮೆರಿಕದಲ್ಲಿ ಬೇರೆ ದಾರಿ ಹಿಡಿದಿದ್ದಾರೆ. 1978-79ರ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಎಣ್ಣೆಗೆ ತತ್ವಾರ ಬಂದ ಮೇಲೆ 1979ರಲ್ಲಿ ನ್ಯೂಯಾರ್ಕ್ ರಾಜ್ಯ ಇಂಥ ಕಾನೂನು ಮಾಡಿತು. ಎಷ್ಟು ಶೇಕಡಾ ಎಂದು ಬರೆಯದೆ, ಮನಸ್ಸಾಕ್ಷಿ ಒಪ್ಪದಷ್ಟು ಬೆಲೆ ಎಂದು ಬರೆದು ನ್ಯಾಯಾಧೀಶರಿಗೆ ಬಿಟ್ಟರು. 1994ರಲ್ಲಿ ನಾರ್ತ್‌ರಿಡ್ಜ್ ಭೂಕಂಪವಾದ ಮೇಲೆ ಕ್ಯಾಲಿಫೋರ್ನಿಯಾ ಅಂಕಿಯನ್ನೇ ಬರೆಯಿತು. ತುರ್ತುಸ್ಥಿತಿ ಘೋಷಣೆಯಾದ ಮೇಲೆ 30 ದಿನ, ಹಿಂದಿನ ಬೆಲೆಗಿಂತ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಆದರೆ ತನ್ನ ಖರ್ಚೇ ಹೆಚ್ಚಾಗಿತ್ತು ಎಂದು ವ್ಯಾಪಾರಿ ತೋರಿಸಿದರೆ ಅಷ್ಟನ್ನು ಸೇರಿಸಿಕೊಳ್ಳಬಹುದು. ಇದನ್ನು ಓದಿದಾಗ ನಮಗೆ ಆ ಟ್ರ್ಯಾಕ್ಟರೇ ಕಣ್ಣ ಮುಂದೆ ಬಂತು. ಎರಡು ರೂಪಾಯಿಯ ಬತ್ತಿಗೆ ಟ್ರ್ಯಾಕ್ಟರ್ ಬಾಡಿಗೆ ಹಂಚಿದರೆ ಎಷ್ಟು ಬರುತ್ತಿತ್ತು? ಎರಡೂಮುಕ್ಕಾಲೋ, ಮೂರೂವರೆಯೋ, ಐದೇನೋ? ಲೆಕ್ಕ ಇಟ್ಟಿದ್ದರೆ ಗೊತ್ತಾಗುತ್ತಿತ್ತು, ಅವರೂ ಇಟ್ಟಿರಲಿಲ್ಲ, ನಾವೂ ಕೇಳಲಿಲ್ಲ.

ಅಂದರೆ, ಅವರ ಕಾನೂನು "ಯಾವಾಗ" ಎಂದು ಕೇಳಿ ಶುರುವಾಗುತ್ತದೆ, ನಮ್ಮದು "ಯಾವ ವಸ್ತು" ಎಂದು ಕೇಳಿ ಶುರುವಾಗುತ್ತದೆ. ವಿಪತ್ತು ಘೋಷಣೆಯಾದ ಕೂಡಲೇ ತಾನಾಗಿಯೇ ಬೆಲೆಗೆ ತಡೆ ಹಾಕುವ ಕೇಂದ್ರ ಕಾಯ್ದೆ ನಮ್ಮಲ್ಲಿ ಇಲ್ಲ. ಸ್ವಲ್ಪ ಕಾಲ ಅಂಕಿ ಬರೆದ ಒಂದು ತಿದ್ದುಪಡಿ ಇತ್ತು. 2020ರ ಜೂನ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಸೆಪ್ಟೆಂಬರ್‌ನಲ್ಲಿ ಕಾಯ್ದೆಯಾದ ಅದರ ಪ್ರಕಾರ ತೋಟಗಾರಿಕೆ ಬೆಳೆಯ ಬೆಲೆ ನೂರಕ್ಕೆ ನೂರು, ಕೆಡದ ಧಾನ್ಯದ ಬೆಲೆ ನೂರಕ್ಕೆ ಐವತ್ತು ಏರಿದರೆ ಮಾತ್ರ ದಾಸ್ತಾನಿಗೆ ಮಿತಿ ಹಾಕಬಹುದಿತ್ತು. ಯುದ್ಧ, ಬರಗಾಲ, ಭೀಕರ ನೈಸರ್ಗಿಕ ವಿಕೋಪದಲ್ಲಿ ಸರ್ಕಾರ ಕೈ ಹಾಕಬಹುದು ಎಂದೂ ಇತ್ತು. ಮೂರು ಕೃಷಿ ಕಾಯ್ದೆಗಳ ಗಲಾಟೆಯಲ್ಲಿ ಅದೂ ಒಂದು. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಹಿಡಿಯಿತು, ಅದೇ ವರ್ಷದ ಕೊನೆಗೆ ಸಂಸತ್ತೇ ರದ್ದು ಮಾಡಿತು.

ಬೇಳೆಯ ವಿಷಯವನ್ನೂ ಹೇಳಿಬಿಡುತ್ತೇವೆ. 2015ರಲ್ಲಿ ನಮ್ಮ ಕಡೆಯೂ ಆಚೆಯೂ ಬರ. ತೆಲಂಗಾಣ 231 ಮಂಡಲಗಳನ್ನು ಬರಪೀಡಿತ ಎಂದು ಘೋಷಿಸಿತು, ಕರ್ನಾಟಕ 130ಕ್ಕೂ ಹೆಚ್ಚು ತಾಲೂಕುಗಳನ್ನು. ಗಮನಿಸಿ, ಇಲ್ಲಿ ಲೆಕ್ಕ ಮಂಡಲದ್ದು, ಅಲ್ಲಿ ತಾಲೂಕಿನದು. ಅದೇ ಅಕ್ಟೋಬರ್‌ನಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಕಲಬುರ್ಗಿಯ ತೊಗರಿ ಕಣಜದ ಪಕ್ಕದಲ್ಲೇ ಇದ್ದು ನಾವು ಬಿಸಿಯೂಟದ ಸಾರಿಗೆ ಬೇಳೆ ಎಣಿಸಿ ಹಾಕುವ ಹಾಗಾಯಿತು. ಅಗತ್ಯ ವಸ್ತುಗಳ ಕಾಯ್ದೆಯಡಿ ದೇಶದಲ್ಲೆಲ್ಲ ಗೋದಾಮುಗಳ ಮೇಲೆ ದಾಳಿಯಾಗಿ 75 ಸಾವಿರ ಟನ್ನಿಗೂ ಹೆಚ್ಚು ಬೇಳೆಕಾಳು ಜಪ್ತಿಯಾಯಿತು, ಅದರಲ್ಲಿ ಮಹಾರಾಷ್ಟ್ರದ್ದೇ ದೊಡ್ಡ ಪಾಲು. ಮಕ್ಕಳ ತಟ್ಟೆಯ ಸಾರು ಮಾತ್ರ ಮರುದಿನವೇ ಗಟ್ಟಿಯಾಗಲಿಲ್ಲ.

ನಂತರ ಕೊರೊನಾ. ಪಟ್ಟಿಯ ಕಾಯ್ದೆ ಚುರುಕಾಗಿ ಓಡಿದ್ದನ್ನು ನಾವು ಕಣ್ಣಾರೆ ಕಂಡದ್ದು ಆಗಲೇ. 2020ರ ಮಾರ್ಚ್ 13ರಂದು ಮಾಸ್ಕ್ ಮತ್ತು ಸ್ಯಾನಿಟೈಸರನ್ನು ಜೂನ್ 30ರವರೆಗೆ ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿದರು. ಒಂದೇ ವಾರದಲ್ಲಿ ದರವೂ ಬಂತು: ಎರಡು ಪದರದ ಮಾಸ್ಕಿಗೆ 8 ರೂಪಾಯಿ, ಮೂರು ಪದರದ್ದಕ್ಕೆ 10, ಸ್ಯಾನಿಟೈಸರ್ 200 ಮಿಲಿಲೀಟರಿಗೆ 100. ಲಾಕ್‌ಡೌನ್ ಶುರುವಾದಾಗ ತರಕಾರಿ ತುಟ್ಟಿಯಾಗತೊಡಗಿತು. ಬೆಲೆ ಏರಿಸಿದವರ ಮೇಲೆ ಪಿ.ಡಿ. ಕಾಯ್ದೆ ಹಾಕುತ್ತೇವೆ ಎಂದು ತೆಲಂಗಾಣದ ಅಂದಿನ ಮುಖ್ಯಮಂತ್ರಿಗಳು ಎಚ್ಚರಿಸಿದರು. ಏಪ್ರಿಲ್ 8ರಂದು ಕೇಂದ್ರ ಗೃಹ ಕಾರ್ಯದರ್ಶಿಗಳು ಎಲ್ಲ ರಾಜ್ಯಗಳಿಗೆ ಪತ್ರ ಬರೆದು ಅಗತ್ಯ ವಸ್ತುಗಳ ಕಾಯ್ದೆಯನ್ನು ಬಳಸಿ ಎಂದರು.

ಆದರೆ ನಾವು ಗಡಿಯವರು, ನಮ್ಮ ಕಷ್ಟವೇ ಬೇರೆ. ನಮ್ಮ ಮನೆಗಳ ಅರ್ಧ ನೆಂಟರು ರಾಯಚೂರು, ದೇವದುರ್ಗ, ಯಾದಗಿರಿಯಲ್ಲಿ. ಜ್ವರ ಬಂದರೆ ಹೈದರಾಬಾದಿಗಿಂತ ರಾಯಚೂರು ಹತ್ತಿರ. ಕೃಷ್ಣಾ ಸೇತುವೆಯ ಮೇಲೆ ತಡೆ ಬಿದ್ದಾಗ ಈ ಕಡೆಯ ಟೊಮೆಟೊಗೂ ಆ ಕಡೆಯ ಟೊಮೆಟೊಗೂ ಬೇರೆ ಬೇರೆ ಬೆಲೆ. 2020ರ ಜೂನ್‌ನಲ್ಲಿ ಖಾಸಗಿ ಆಸ್ಪತ್ರೆಯ ದರಕ್ಕೂ ಎರಡೂ ಸರ್ಕಾರಗಳು ಮಿತಿ ಹಾಕಿದವು. ತೆಲಂಗಾಣದಲ್ಲಿ ಸಾಮಾನ್ಯ ವಾರ್ಡಿಗೆ ದಿನಕ್ಕೆ 4,000, ಐಸಿಯುಗೆ 7,500, ವೆಂಟಿಲೇಟರ್ ಸಹಿತ 9,000 ರೂಪಾಯಿ. ಕರ್ನಾಟಕದಲ್ಲಿ ಸರ್ಕಾರವೇ ಕಳಿಸಿದ ರೋಗಿಗೆ ಸಾಮಾನ್ಯ ವಾರ್ಡು 5,200, ಐಸಿಯು 8,500, ವೆಂಟಿಲೇಟರ್ 10,000. ತಾನಾಗಿ ಹೋದ ರೋಗಿಗೆ ಅದೇ ವಾರ್ಡು 10,000, ಐಸಿಯು 15,000, ವೆಂಟಿಲೇಟರ್ 25,000. ಗಡಿ ದಾಟಿ ತಾನಾಗಿ ಹೋಗುವ ನಮ್ಮಂಥವರು ಯಾವ ಸಾಲಿನಲ್ಲಿ ನಿಲ್ಲಬೇಕು ಎಂದು ಯೋಚಿಸಿ! ಒಂದೇ ರೋಗ, ಒಂದೇ ಗಾಳಿ, ನಡುವೆ ಒಂದು ಸೇತುವೆ. 2009ರಲ್ಲಿಯೂ ಒಂದೇ ನೀರು ಎರಡು ರಾಜ್ಯಗಳ ಆದೇಶಗಳ ನಡುವೆ ಹರಿಯಿತು. 1877ರಲ್ಲಿ ತುಂಗಭದ್ರೆಯ ಆ ದಡಕ್ಕೆ ಲಿಟ್ಟನ್ನನ ನಿಯಮ, ಈ ದಡಕ್ಕೆ ನಿಜಾಮರ ದಿವಾನ ಸಾಲಾರ್ ಜಂಗನ ಆಡಳಿತ. ಘೋಷಣೆ ಯಾರದು, ಅದು ಎಲ್ಲಿಯವರೆಗೆ ನಡೆಯುತ್ತದೆ ಎಂಬ ಪ್ರಶ್ನೆ ನಮ್ಮ ಸೀಮೆಗೆ ಅಂದಿನಿಂದಲೂ ಅಂಟಿಕೊಂಡೇ ಇದೆ.

ನಮ್ಮ ಅಭಿಪ್ರಾಯ ಕೇಳುವವರಿಗೆ ಒಂದು ಮಾತು. ದಂಡದ ಆದೇಶ ಒಂದೇ ಬಂದು ಮಾಲು ಬರದಿದ್ದಾಗ ವಸ್ತು ಅಂಗಡಿಯ ಮುಂಬಾಗಿಲಿನಿಂದ ಹಿಂಬಾಗಿಲಿಗೆ ಹೋಯಿತು. 2021ರ ಏಪ್ರಿಲ್, ಮೇ ತಿಂಗಳಲ್ಲಿ ರೆಮ್ಡೆಸಿವಿರ್ ಚುಚ್ಚುಮದ್ದಿಗೆ ಆದದ್ದು ಅದೇ: ದರ ಇಳಿಸಿದರು, ಕಾಳಸಂತೆಯವರನ್ನು ಊರೂರಲ್ಲಿ ಹಿಡಿದರು, ಆದರೂ ತಯಾರಿಕೆ ಹೆಚ್ಚಿ ರೋಗ ಇಳಿಯುವವರೆಗೆ ಅದು ಸಿಗಲಿಲ್ಲ. ಮಾಸ್ಕಿನ ವಿಷಯದಲ್ಲಿ ಮಹಿಳಾ ಸಂಘಗಳು ಹೊಲಿಯತೊಡಗಿದ್ದೇ ತಡ, ಸರ್ಕಾರದ ದರವನ್ನು ಯಾರೂ ನೆನಪಿಡಬೇಕಾಗಲಿಲ್ಲ. ಹಾಗೆಂದು ಆದೇಶ ಬೇಡ ಎನ್ನುವ ಧೈರ್ಯ ನಮಗಿಲ್ಲ. ಎತ್ತುಗಳು ಮಾಳವದಿಂದ ಬರಲು ತಿಂಗಳುಗಳು ಬೇಕು, ಮೇಣದಬತ್ತಿ ಇವತ್ತು ರಾತ್ರಿಗೆ ಬೇಕು. ಆ ಒಂದು ರಾತ್ರಿಗೆ, ಆ ಒಂದು ವಾರಕ್ಕೆ, ಪಟ್ಟಿ ಹುಡುಕದೆ ಜಾರಿಗೆ ಬರುವ, ಖರ್ಚಿನ ಚೀಟಿ ತೋರಿಸಿದ ವ್ಯಾಪಾರಿಯನ್ನು ಬಿಟ್ಟುಬಿಡುವ, ಸೇತುವೆಯ ಎರಡೂ ಕಡೆ ಒಂದೇ ಆಗಿರುವ ಒಂದು ನಿಯಮ ಇದ್ದರೆ ನಮ್ಮಂಥ ಊರುಗಳಿಗೆ ಆಸರೆ.

ಆ ಹುಡುಗಿಯ ಅಪ್ಪನ ಅಂಗಡಿ ಈಗಲೂ ಇದೆ. ಅವಳು ಮದುವೆಯಾಗಿ ಆಚೆ ಕಡೆಗೆ ಹೋದಳು. 2020ರ ಬೇಸಿಗೆಯಲ್ಲಿ ಎಣ್ಣೆ ತರಲು ಹೋದಾಗ ಅಂಗಡಿಯ ಮುಂದೆ ಸೀಮೆಸುಣ್ಣದಲ್ಲಿ ಬರೆದ ದರದ ಹಲಗೆ ತೂಗುತ್ತಿತ್ತು, ತೆಲುಗಿನಲ್ಲೊಂದು ಸಾಲು, ಕನ್ನಡದಲ್ಲೊಂದು ಸಾಲು. ಯಾರು ಬರೆದದ್ದು ಎಂದು ಕೇಳಿದೆವು. "ಮಗಳು ಬರದು ಹೋಗ್ಯಾಳ್ರಿ, ಲಾಕ್‌ಡೌನಿಗೆ ಮುಂಚೆ. ಅಂಕಿ ಮಾತ್ರ ನಾನು ತಿದ್ದತೀನಿ" ಎಂದರು. ನಾವು ಎಣ್ಣೆ ತೆಗೆದುಕೊಂಡು ರಸೀದಿ ಕೇಳಿದೆವು. ಅವರು ನಕ್ಕು, ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ಬರೆದುಕೊಟ್ಟರು.